ಕೂಲಂಟ್ ಡಬ್ಬಿಯಲ್ಲಿ ಎಣ್ಣೆ: ಹೆಡ್ ಬಿಚ್ಚಿಸುವುದಾ, ಮೊದಲು ಆಯಿಲ್ ಕೂಲರ್ ನೋಡುವುದಾ?

ಆಟಿಯ ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಕಾರಿನ ಬಾನೆಟ್ ಎತ್ತಿದೆ. ಎತ್ತಿದ್ದು ವೈಪರಿಗೆ ನೀರು ಹಾಕಲು. ಪಕ್ಕದಲ್ಲೇ ಕೂಲಂಟ್ ಡಬ್ಬಿ, ಅಂದರೆ ಇಂಜಿನ್ ತಣಿಸುವ ದ್ರವದ ಡಬ್ಬಿ. ಎಂದಿನ ಹಸಿರು ಕಾಣಿಸಲಿಲ್ಲ. ಒಳಗೋಡೆಗೆ ಕಂದು ಪಾಕದ ಹಾಗೆ ಏನೋ ಮೆತ್ತಿಕೊಂಡಿತ್ತು. ರಾತ್ರಿಯಿಡೀ ನಿಂತ ಗಾಡಿ, ಇಂಜಿನ್ ತಣ್ಣಗಿತ್ತು. ಧೈರ್ಯವಾಗಿ ಮುಚ್ಚಳ ತಿರುಗಿಸಿದೆ. ಅಡಿಯಲ್ಲಿ ದಪ್ಪಗೆ, ನುಣ್ಣಗೆ, ಸಾಕ್ಷಾತ್ ರಾಗಿ ಮಣ್ಣಿ! ಬೆರಳಿಗೆ ತಾಗಿದ್ದು ಎರಡು ಸಲ ಸೋಪು ಹಾಕಿದರೂ ಬಿಡಲಿಲ್ಲ.

ಅವತ್ತು ಬಸ್ಸಿನಲ್ಲೇ ಶಾಲೆಗೆ ಹೋದೆ. ಸಂಜೆಯೊಳಗೆ ಮೂರು ಅಭಿಪ್ರಾಯ ಸಿಕ್ಕಿತು. ಬದಿಯಡ್ಕ ಕಡೆಯ ಒಂದು ಗ್ಯಾರೇಜಿನವರು ಫೋಟೋ ನೋಡಿದ ಕೂಡಲೇ "ಮಾಷೇ, ಹೆಡ್ ಅಳಿಕ್ಕಣಂ" ಎಂದರು. ಹೆಡ್, ಅಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ, ಬಿಚ್ಚಲೇಬೇಕಂತೆ. ಮುಳ್ಳೇರಿಯ ಕಡೆಯ ಪರಿಚಯದ ಹುಡುಗ "ರೇಡಿಯೇಟರ್ ಒಮ್ಮೆ ವಾಶ್ ಮಾಡಿ ನೋಡುವ ಮಾಷ್ಟ್ರೇ" ಎಂದ. ಮಂಗಳೂರಿನಲ್ಲಿ ಎರಡು ಲಾರಿ ಇಟ್ಟುಕೊಂಡಿರುವ ನನ್ನ ಭಾವ ಫೋನಿನಲ್ಲೇ ನಕ್ಕರು. "ಆಯಿಲ್ ಕೂಲರ್ ನೋಡದೆ ಹೆಡ್ಡಿಗೆ ಪಾನ (ಸ್ಪ್ಯಾನರ್) ಹಾಕಲು ಬಿಡಬೇಡಿ ಭಾವ, ಆಮೇಲೆ ಅಳುವುದು ನೀವು."

ಸಪ್ತಭಾಷೆಯ ಊರು ಕಾಸರಗೋಡು ನಮ್ಮದು, ಸಲಹೆಗೂ ಬರ ಇಲ್ಲ. ಆದರೆ ಈ ಮೂರು ದಾರಿಗಳ ಖರ್ಚಿನಲ್ಲಿ ಒಂದೊಂದು ಸೊನ್ನೆಯ ವ್ಯತ್ಯಾಸ ಇದೆ. ಹಾಗಾಗಿ ಯಾವುದನ್ನು ಯಾವಾಗ ಆರಿಸಬೇಕು ಎಂದು ನಾನೇ ಕೂತು ಲೆಕ್ಕ ಹಾಕಬೇಕಾಯಿತು.

ಮೊದಲು, ಅದು ಎಣ್ಣೆಯೇ ಹೌದಾ?

ನಮ್ಮ ಕಡೆ ಈ ಪ್ರಶ್ನೆ ಕೇಳಲೇಬೇಕು. ಕೂಲಂಟ್ ಕಡಿಮೆಯಾದರೆ ಸೀದಾ ಬಾವಿಯಿಂದ ಒಂದು ಚೊಂಬು ನೀರು ತಂದು ಸುರಿಯುವವರು ನಾವು. ಮುರಕಲ್ಲಿನ ನೆಲದ ನೀರು, ಜೊತೆಗೆ ಇಂಜಿನ್ ಒಳಗಿನ ಕಬ್ಬಿಣ. ಒಂದೆರಡು ವರ್ಷದಲ್ಲಿ ಡಬ್ಬಿಯಲ್ಲಿ ತುಕ್ಕಿನ ಕೆಸರು ನಿಂತು ಎಣ್ಣೆಯ ಹಾಗೆಯೇ ಕಾಣುತ್ತದೆ. ಇನ್ನು ಒಂದಕ್ಕೊಂದು ಹೊಂದದ ಎರಡು ಜಾತಿಯ ಕೂಲಂಟ್ ಬೆರೆಸಿದರೆ ಜೆಲ್ಲಿಯ ಹಾಗೆ ಗಟ್ಟಿಯಾಗುವುದೂ ಉಂಟು. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಜಾತಿ ಒಂದೇ ಅಲ್ಲ.

ಗೋಳಿಬಜೆ ಕಟ್ಟಿಕೊಟ್ಟ ಕಾಗದ ನೆನಪಿದೆಯಲ್ಲ, ಅದೇ ಪರೀಕ್ಷೆ. ಆ ಪಾಕವನ್ನು ಸ್ವಲ್ಪ ಬಿಳಿ ಕಾಗದಕ್ಕೆ ಹಚ್ಚಿ ಒಣಗಲು ಬಿಡಿ. ಬೆಳಕಿಗೆ ಹಿಡಿದಾಗ ಕಾಗದ ಆಚೆ ಕಾಣುವಷ್ಟು ತೆಳುವಾಗಿ ಹೊಳೆದರೆ ಎಣ್ಣೆ. ಬರೀ ಕಂದು ಪುಡಿ ಉಳಿದರೆ ತುಕ್ಕು. ತುಕ್ಕಾದರೆ ಮುಳ್ಳೇರಿಯದ ಹುಡುಗ ಹೇಳಿದ ವಾಶ್ ಸಾಕು, ಮುಂದಿನದ್ದನ್ನು ಓದುವ ಅಗತ್ಯವೂ ಇಲ್ಲ.

ಇನ್ನೊಂದು ವಿಷಯ ಮನೆಯಲ್ಲೇ ಕೇಳಿಕೊಳ್ಳಿ. ಯಾರಾದರೂ ಆಯಿಲ್ ಟಾಪಪ್ ಮಾಡಲು ಹೋಗಿ ಕೂಲಂಟ್ ಡಬ್ಬಿಗೆ ಸುರಿದಿದ್ದಾರಾ? ನಗಬೇಡಿ, ಆಗುತ್ತದೆ.

ಎರಡು ಕಳ್ಳರು

ಎಣ್ಣೆಯೇ ಹೌದು ಎಂದಾದರೆ ಸಾಮಾನ್ಯವಾಗಿ ಸಂಶಯ ಇಬ್ಬರ ಮೇಲೆ. ಒಂದು ಆಯಿಲ್ ಕೂಲರ್, ಇನ್ನೊಂದು ಹೆಡ್ ಗ್ಯಾಸ್ಕೆಟ್.

ಆಯಿಲ್ ಕೂಲರ್ ಎಂದರೆ ಕೈಯಗಲದ ಒಂದು ಅಲ್ಯೂಮಿನಿಯಂ ತುಂಡು. ತೆಳು ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಬೆಸೆದಿರುತ್ತಾರೆ. ಒಂದು ತಗಡಿನ ಈಚೆ ಬಿಸಿ ಎಣ್ಣೆ, ಆಚೆ ಕೂಲಂಟ್. ಹೆಚ್ಚಿನ ಡೀಸೆಲ್ ಕಾರುಗಳಲ್ಲಿ ಇದು ಆಯಿಲ್ ಫಿಲ್ಟರ್ ಕೂರುವ ಭಾಗಕ್ಕೇ ಅಂಟಿಕೊಂಡಿರುತ್ತದೆ. ಒಳಗಿನ ಬೆಸುಗೆ ಬಿಟ್ಟರೆ ಅಥವಾ ಕೂಲರ್ ಕೂರುವ ಕಡೆಯ ರಬ್ಬರ್ ರಿಂಗ್ ಒಣಗಿ ಸೀಳಿದರೆ ಎರಡೂ ಬೆರೆತು ಹೋಗುತ್ತವೆ.

ಹೆಡ್ ಗ್ಯಾಸ್ಕೆಟ್ ಇರುವುದು ಸಿಲಿಂಡರುಗಳಿರುವ ಬ್ಲಾಕಿಗೂ ಹೆಡ್ಡಿಗೂ ನಡುವೆ. ಅದೇ ಒಂದು ತಗಡು ಮೂರು ಕೆಲಸ ಮಾಡಬೇಕು. ಸಿಲಿಂಡರಿನ ಬೆಂಕಿಯನ್ನು ಅಲ್ಲೇ ತಡೆಯಬೇಕು, ಮೇಲೆ ಹೋಗುವ ಎಣ್ಣೆಯನ್ನು ಅದರ ದಾರಿಯಲ್ಲೇ ಇಡಬೇಕು, ನೀರನ್ನು ಅದರ ದಾರಿಯಲ್ಲಿ. ಅದು ಎಲ್ಲಿ ಸುಟ್ಟಿದೆ ಎನ್ನುವುದರ ಮೇಲೆ ಲಕ್ಷಣ ಬದಲಾಗುತ್ತದೆ. ಗ್ಯಾಸ್ಕೆಟ್ ಹೋದರೆ ಹೀಗೇ ಆಗುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ.

ಇವರಿಬ್ಬರಲ್ಲಿ ಕಳ್ಳ ಯಾರು ಎಂದು ಪತ್ತೆ ಹಚ್ಚಲು ಒತ್ತಡದ ಲೆಕ್ಕ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಟಯರ್ ಅಂಗಡಿಯ ಭಾಷೆಯಲ್ಲೇ ಹೇಳುತ್ತೇನೆ. ಕಾರಿನ ಟಯರಿಗೆ 32 ಪಿಎಸ್‌ಐ ಗಾಳಿ ಅಲ್ವಾ? ಬಿಸಿಯಾದ ಕೂಲಂಟಿನ ಒತ್ತಡ 15ರಿಂದ 20ರ ಆಸುಪಾಸು. ರಸ್ತೆಯಲ್ಲಿ ಓಡುತ್ತಿರುವ ಇಂಜಿನ್ನಿನ ಎಣ್ಣೆಯ ಒತ್ತಡ 45ರಿಂದ 60. ಸಿಲಿಂಡರಿನ ಒಳಗೆ ಡೀಸೆಲ್ ಹೊತ್ತಿಕೊಂಡಾಗ ಸಾವಿರ ದಾಟುತ್ತದೆ.

ಈಗ ಯೋಚನೆ ಮಾಡಿ. ಕೂಲರ್ ತೂತಾದರೆ ಇಂಜಿನ್ ಓಡುವಾಗ ಎಣ್ಣೆ ಜೋರು, ನೀರು ಸಪ್ಪೆ. ಎಣ್ಣೆ ನೀರಿನ ಕಡೆ ನುಗ್ಗುತ್ತದೆ. ಹಾಗಾಗಿ ಕೂಲಂಟ್ ಡಬ್ಬಿ ರಾಗಿ ಮಣ್ಣಿಯಾಗಿ, ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನ ಎಣ್ಣೆ ಮಾತ್ರ ಕಪ್ಪಗೆ ಚೊಕ್ಕವಾಗಿದ್ದರೆ ನನ್ನ ಮೊದಲ ಸಂಶಯ ಕೂಲರಿನ ಮೇಲೆಯೇ. ಆದರೆ ಒಂದು ತಿರುವು ಇದೆ. ಇಂಜಿನ್ ಆಫ್ ಮಾಡಿದ ಕೂಡಲೇ ಎಣ್ಣೆಯ ಒತ್ತಡ ಸೊನ್ನೆ. ಬಿಸಿ ಕೂಲಂಟಿನ ಒತ್ತಡ ಮಾತ್ರ ಇನ್ನೂ ಅರ್ಧ ಗಂಟೆ ಹಾಗೆಯೇ ಇರುತ್ತದೆ. ಆಗ ನೀರು ಅದೇ ತೂತಿನಲ್ಲಿ ಹಿಂದಕ್ಕೆ ಬಂದು ಎಣ್ಣೆಗೆ ಸೇರಬಹುದು. ಅಂದರೆ ತೂತು ದೊಡ್ಡದಾಗುತ್ತಾ ಹೋದ ಹಾಗೆ ಕೂಲರ್ ಕೂಡ ಎರಡೂ ಕಡೆ ಕೆಡಿಸುತ್ತದೆ. "ಎರಡೂ ಬೆರೆತಿದೆ, ಹಾಗಾದ್ರೆ ಹೆಡ್ಡೇ" ಎನ್ನುವ ತೀರ್ಪು ಇಲ್ಲಿ ಬಿದ್ದು ಹೋಗುತ್ತದೆ.

ಗ್ಯಾಸ್ಕೆಟ್ ಸಿಲಿಂಡರಿನ ಕಡೆಯಿಂದ ಸುಟ್ಟಿದ್ದರೆ ಕಥೆಯೇ ಬೇರೆ. ಸಾವಿರ ಪಿಎಸ್‌ಐಯ ಗ್ಯಾಸ್ ಕೂಲಂಟಿಗೆ ನುಗ್ಗುತ್ತದೆ. ಎಣ್ಣೆಗಿಂತ ಮೊದಲು ಗ್ಯಾಸ್ ಕಾಣಿಸಿಕೊಳ್ಳುತ್ತದೆ: ಡಬ್ಬಿಯಲ್ಲಿ ಬಿಡದೆ ಗುಳ್ಳೆ, ಪೈಪ್ ಕಲ್ಲಿನ ಹಾಗೆ ಗಟ್ಟಿ, ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೆ, ಕೂಲಂಟ್ ಹೊರಗೆ ಉಕ್ಕುವುದು, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ. ಇವು ಯಾವುದೂ ಇಲ್ಲದೆ ಸುಮ್ನೆ ಎಣ್ಣೆ ಮಾತ್ರ ಬರುತ್ತಿದ್ದರೆ ಹೆಡ್ಡಿಗೆ ಕೈ ಹಾಕುವುದು ಆತುರವಾಯಿತು.

ಕಾಸಿಲ್ಲದ ಪರೀಕ್ಷೆಗಳು

ಡಿಪ್‌ಸ್ಟಿಕ್ ಎಳೆದು ಬೆರಳುಗಳ ನಡುವೆ ಉಜ್ಜಿ ನೋಡಿ. ಮಟ್ಟ ಮೇಲಿನ ಗೆರೆ ದಾಟಿದ್ದರೆ, ಬಣ್ಣ ಹಾಲು ಹಾಕಿದ ಕಾಫಿಯ ಹಾಗಿದ್ದರೆ, ಕೂಲಂಟ್ ಕೆಳಗೆ ಎಣ್ಣೆ ನಿಲ್ಲುವ ಚೇಂಬರಿಗೆ ಇಳಿದಿದೆ. ಆಮೇಲೆ ಗಾಡಿ ಸ್ಟಾರ್ಟ್ ಕೂಡ ಮಾಡಬೇಡಿ. ನೀರು ಬೆರೆತ ಎಣ್ಣೆಯಲ್ಲಿ ಕ್ರ್ಯಾಂಕಿನ ಬೇರಿಂಗ್ ಬಹಳ ದಿನ ಬಾಳುವುದಿಲ್ಲ.

ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಸ್ವಲ್ಪ ಕೆನೆ ಕಂಡರೆ ಮಾತ್ರ ಹೆದರಬೇಡಿ. ನಮ್ಮ ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಗಾಳಿಯ ತೇವ ಮುಚ್ಚಳದಲ್ಲಿ ನಿಂತು ಕೆನೆಗಟ್ಟುತ್ತದೆ. ಡಿಪ್‌ಸ್ಟಿಕ್ ಚೊಕ್ಕವಾಗಿದ್ದರೆ ಅದು ಬರೀ ತೇವ.

ಡಿಪ್‌ಸ್ಟಿಕ್ ನೋಡಿದರೂ ಸಂಶಯ ಹೋಗದಿದ್ದರೆ ತವಾ ಪರೀಕ್ಷೆ. ದೋಸೆ ತವಾಕ್ಕೆ ಕೈ ಹಾಕಲು ಹೋಗಿ ನಾನು ಮನೆಯಲ್ಲಿ ಬೈಸಿಕೊಂಡೆ. ಕೊನೆಗೆ ಹಳೆಯ ಬಿಸ್ಕೆಟ್ ಡಬ್ಬದ ಮುಚ್ಚಳ ಸಿಕ್ಕಿತು. ಅದನ್ನು ಅಂಗಳದ ಮೂಲೆಯಲ್ಲಿ ಕಲ್ಲಿನ ಒಲೆಯ ಮೇಲಿಟ್ಟು, ಹೊಗೆ ಬರುವ ಮೊದಲು ಎರಡು ತೊಟ್ಟು ಇಂಜಿನ್ ಆಯಿಲ್ ಬಿಟ್ಟೆ. ನೀರಿದ್ದರೆ ಸಾಸಿವೆ ಸಿಡಿದ ಹಾಗೆ ಚಟಚಟ ಎನ್ನಬೇಕು. ನನ್ನದು ಸದ್ದಿಲ್ಲದೆ ತೆಳ್ಳಗೆ ಹರಡಿತು. ಅಲ್ಲಿಗೆ ಅರ್ಧ ಜೀವ ಬಂತು. ಇದನ್ನು ಮನೆಯೊಳಗೆ ಮಾಡಬೇಡಿ, ಹೊಗೆ ಒಳ್ಳೆಯದಲ್ಲ. ತೀರಾ ಕಡಿಮೆ ನೀರಿದ್ದರೆ ಈ ಪರೀಕ್ಷೆಗೆ ಸಿಗುವುದೂ ಇಲ್ಲ. ಮಳೆಗಾಲದ ತೇವಕ್ಕೂ ಒಂದೆರಡು ಚಟ್ ಎನ್ನಬಹುದು.

ಪೈಪ್ ಹಿಂಡುವ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ಡಿಪ್‌ಸ್ಟಿಕ್ ಚೊಕ್ಕವಾಗಿದ್ದರೆ ಮಾತ್ರ ಮಾಡಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮೇಲಿನ ದಪ್ಪ ಪೈಪನ್ನು ಹಿಂಡಿ, ಮೆತ್ತಗಿರುತ್ತದೆ. ಸ್ಟಾರ್ಟ್ ಮಾಡಿ. ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ ದೂರ ಇರಲಿ. ಒಂದೆರಡು ನಿಮಿಷದಲ್ಲೇ, ಪೈಪ್ ಇನ್ನೂ ತಣ್ಣಗಿರುವಾಗಲೇ, ಅದು ಗಟ್ಟಿಯಾಗಿ ಉಬ್ಬಿದರೆ ಒಳಗೆ ಗ್ಯಾಸ್ ಬರುತ್ತಿದೆ. ಬಿಸಿಯಿಂದ ಅಷ್ಟು ಬೇಗ ಒತ್ತಡ ಏರುವುದಿಲ್ಲ. ಅದೇ ಪೈಪ್ ಬಿಸಿಯಾಗುತ್ತಾ ನಿಧಾನಕ್ಕೆ ಬಿಗಿಯಾದರೆ ಅದು ಸಹಜ. ಹಾಗೆಯೇ, ರಾತ್ರಿಯಿಡೀ ನಿಂತ ಗಾಡಿಯ ಡಬ್ಬಿ ಮುಚ್ಚಳ ತೆರೆದಾಗ ಸೋಡಾ ಬಾಟಲಿಯ ಹಾಗೆ ಬುಸ್ ಎಂದರೂ ಗ್ಯಾಸ್ ಎಂದೇ ಲೆಕ್ಕ. ಬಿಸಿ ಇರುವಾಗ ಮಾತ್ರ ಆ ಮುಚ್ಚಳ ಮುಟ್ಟಲೇಬೇಡಿ. ಒತ್ತಡದಲ್ಲಿ ಆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ತೆರೆದ ಕ್ಷಣ ಮುಖಕ್ಕೇ.

ಹೊಸದಾಗಿ ಕೂಲಂಟ್ ತುಂಬಿಸಿದ ಗಾಡಿಯಲ್ಲಿ ಒಂದೆರಡು ದಿನ ಗುಳ್ಳೆ ಬರಬಹುದು. ಸಿಕ್ಕಿಕೊಂಡ ಗಾಳಿ ಅದು. ಅದನ್ನು ನೋಡಿ ಗ್ಯಾಸ್ಕೆಟ್ ಎಂದುಕೊಳ್ಳಬೇಡಿ.

ಕಾಸು ಕೊಟ್ಟು ಮಾಡಿಸುವುದಾದರೆ ಯಾವುದು?

ನೀಲಿ ದ್ರವದ ಟೆಸ್ಟ್, ಪ್ರೆಶರ್ ಟೆಸ್ಟ್, ಕಂಪ್ರೆಶನ್ ಟೆಸ್ಟ್ ಎಂದು ಗ್ಯಾರೇಜುಗಳಲ್ಲಿ ಮೂರ್ನಾಲ್ಕು ಹೆಸರು ಕೇಳುತ್ತೀರಿ.

ನೀಲಿ ದ್ರವದ್ದು ಅಗ್ಗ. ಡಬ್ಬಿಯ ಬಾಯಿಗೆ ಒಂದು ಕೊಳವೆ ಇಟ್ಟು ಅಲ್ಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಗ್ಯಾಸ್ ಇದ್ದರೆ ಬಣ್ಣ ಬದಲಾಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಹಳದಿ, ಡೀಸೆಲ್ಲಿನಲ್ಲಿ ಸಾಮಾನ್ಯವಾಗಿ ಹಸಿರು. ಪೆಟ್ರೋಲ್ ಗಾಡಿ ಮಾತ್ರ ನೋಡಿದವರು "ಹಳದಿ ಆಗಲಿಲ್ಲ, ಎಲ್ಲ ಸರಿ ಇದೆ" ಎನ್ನಬಹುದು, ಜಾಗ್ರತೆ. ಡೀಸೆಲ್ ಇಂಜಿನ್ ಐಡ್ಲಿಂಗಿನಲ್ಲಿ ಗಾಳಿಯನ್ನೇ ಜಾಸ್ತಿ ಬಿಡುವುದರಿಂದ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಬೇಕು. ಎಣ್ಣೆಯ ಪಾಕ ಕೊಳವೆಗೆ ಹೋದರೆ ದ್ರವವೇ ಹಾಳು, ಹಾಗಾಗಿ ಡಬ್ಬಿಯ ಮಟ್ಟ ಮೊದಲು ತಗ್ಗಿಸಬೇಕು. ಇನ್ನೊಂದು ಮೋಸ ಇಜಿಆರ್ ಕೂಲರಿನದ್ದು, ಅಂದರೆ ಹೊಗೆಯ ಒಂದು ಪಾಲನ್ನು ಕೂಲಂಟಿನಿಂದ ತಣಿಸಿ ಇಂಜಿನ್ನಿಗೆ ವಾಪಸ್ ಕಳಿಸುವ ಭಾಗದ್ದು. ಅದು ಸೀಳಿದ್ದರೂ ಹೊಗೆಯ ಗ್ಯಾಸ್ ಕೂಲಂಟಿಗೆ ಬರಬಹುದು. ಬಣ್ಣ ಬದಲಾದ ಕೂಡಲೇ ಹೆಡ್ಡೇ ಎಂದು ಹೇಳುವ ಹಾಗಿಲ್ಲ. ಆದರೆ ಇಜಿಆರ್ ಕೂಲರಿನಿಂದ ಡಬ್ಬಿಗೆ ಇಂಜಿನ್ ಆಯಿಲ್ ಬರುವುದಿಲ್ಲ.

ಪ್ರೆಶರ್ ಟೆಸ್ಟಿನಲ್ಲಿ ಕೈಪಂಪಿನಿಂದ ಕೂಲಂಟಿಗೆ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದಾ ನೋಡುತ್ತಾರೆ. ಹೊರಗಿನ ಲೀಕಿಗೆ ಇದು ರಾಜ. ನಮ್ಮ ಕಾಯಿಲೆಗೆ ಅಷ್ಟಕ್ಕಷ್ಟೆ. ಒತ್ತಡ ಇಳಿದರೂ ನೀರು ಕೂಲರಿನಿಂದ ಹೋಯಿತಾ ಹೆಡ್ಡಿನಿಂದ ಹೋಯಿತಾ ಎಂದು ಹೇಳುವುದಿಲ್ಲ.

ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ಅಳೆಯುವ ಕಂಪ್ರೆಶನ್ ಟೆಸ್ಟಿಗೆ ಹೀಟರ್ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಬೇಕು. ಹಳೆಯ ಡೀಸೆಲ್ಲಿನಲ್ಲಿ ಹೀಟರ್ ಪ್ಲಗ್ ಹೆಡ್ಡಿನೊಳಗೇ ತುಂಡಾದರೆ ಅದೊಂದು ಹೊಸ ಕಾಯಿಲೆ. ಗ್ಯಾಸಿನ ಲಕ್ಷಣ ಇಲ್ಲದಿದ್ದರೆ ನಾನು ಇದಕ್ಕೆ ಒಪ್ಪುವುದಿಲ್ಲ.

ಹಾಗಾದರೆ ನಾನು ದುಡ್ಡು ಕೊಡುವುದು ಯಾವುದಕ್ಕೆ? ಕೂಲರನ್ನೇ ಬಿಚ್ಚಿ ನೋಡುವುದಕ್ಕೆ. ಗ್ಯಾಸ್ಕೆಟ್ ಎಣ್ಣೆಯ ದಾರಿಗೂ ನೀರಿನ ದಾರಿಗೂ ನಡುವೆ ಮಾತ್ರ ಸೀಳಿದ್ದರೆ ಗ್ಯಾಸೂ ಇಲ್ಲ, ಗುಳ್ಳೆಯೂ ಇಲ್ಲ, ಎಲ್ಲ ಲಕ್ಷಣವೂ ಕೂಲರಿನದ್ದೇ. ಹೊರಗಿನಿಂದ ಇವೆರಡನ್ನು ಬೇರೆ ಮಾಡುವುದು ಕಷ್ಟ. ಇಬ್ಬರಲ್ಲಿ ಒಬ್ಬನನ್ನು ಬಿಚ್ಚಲೇಬೇಕು ಎಂದ ಮೇಲೆ, ಕೆಲವು ಬೋಲ್ಟಿನಲ್ಲಿ ಕೈಗೆ ಬರುವವನನ್ನು ಮೊದಲು ಬಿಚ್ಚುವುದಲ್ವಾ? ಟೈಮಿಂಗ್, ಟರ್ಬೊ ಪೈಪ್, ಇಂಜೆಕ್ಟರ್ ಎಲ್ಲ ಕಳಚಿ ಹೆಡ್ ಎತ್ತಿದ ಮೇಲೆ "ಗ್ಯಾಸ್ಕೆಟ್ ಸರಿ ಇದೆ ಮಾಷೇ" ಎಂದರೆ ಎತ್ತಿದ ಕೂಲಿ ವಾಪಸ್ ಬರುತ್ತದಾ?

ನನ್ನ ಕಾರನ್ನು ಪರಿಚಯದ ಹುಡುಗನೇ ಮನೆಗೆ ಬಂದು ಬಿಚ್ಚಿದ. ಕೂಲರಿನ ನೀರಿನ ಒಂದು ತೂತಿಗೆ ರಬ್ಬರ್ ಹಾಳೆ ಇಟ್ಟು ತಗಡು ಬಿಗಿದು ಮುಚ್ಚಿದೆವು, ಇನ್ನೊಂದನ್ನು ತೆರೆದೇ ಬಿಟ್ಟೆವು. ಎಣ್ಣೆಯ ಒಂದು ತೂತಿಗೆ ಟಯರ್ ವಾಲ್ವ್ ಜೋಡಿಸಿದ, ಇನ್ನೊಂದನ್ನು ಮುಚ್ಚಿದ. ಬಕೆಟ್ ತಣ್ಣೀರಿನಲ್ಲಿ ಮುಳುಗಿಸಿ 60 ಪಿಎಸ್‌ಐ ಗಾಳಿ ಕೊಟ್ಟರೆ ಏನೂ ಇಲ್ಲ! ನನ್ನ ಮುಖ ಸಣ್ಣಗಾಯಿತು. ಅವನು ಮಾತ್ರ "ಬಿಸಿನೀರು ತನ್ನಿ ಮಾಷ್ಟ್ರೇ" ಎಂದ. ಹಂಡೆಯಿಂದ ಸ್ನಾನದ ನೀರು ತಂದು ಸುರಿದು ಐದು ನಿಮಿಷ ಬಿಟ್ಟೆವು.  ತೆರೆದಿಟ್ಟ ತೂತಿನಿಂದ ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದರ ಹಿಂದೆ ಒಂದು, ಮಾಲೆ ಪೋಣಿಸಿದ ಹಾಗೆ ಮೇಲೆ ಬಂತು. ಲೋಹ ಬಿಸಿಯಾಗಿ ಹಿಗ್ಗಿದಾಗ ಮಾತ್ರ ಬಾಯಿ ಬಿಡುವ ಬಿರುಕು. ತಣ್ಣೀರಿನಲ್ಲಿ ನೋಡಿ ಕೂಲರ್ ಸರಿ ಇದೆ ಎಂದಿದ್ದರೆ ಅವತ್ತೇ ಹೆಡ್ ಇಳಿಯುತ್ತಿತ್ತು.

ಬಿಸಿನೀರಿನಲ್ಲೂ ಗುಳ್ಳೆ ಬರದಿದ್ದರೆ ಕೂಲರ್ ಕೂರುವ ಜಾಗದ ರಿಂಗುಗಳನ್ನು ಉಗುರಿನಿಂದ ಒತ್ತಿ ನೋಡಿ. ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿದ್ದರೆ ಕಳ್ಳ ಅದೂ ಆಗಿರಬಹುದು. ಅವೂ ಸರಿ ಇದ್ದರೆ, ಹೌದು, ಹೆಡ್ಡಿನ ಸರದಿ.

ಆಟೋಮ್ಯಾಟಿಕ್ ಗೇರಿನ ಕಾರಾದರೆ ಮೂರನೆಯ ಕಳ್ಳನೂ ಇದ್ದಾನೆ. ಗೇರ್ ಆಯಿಲ್ ತಣಿಸುವ ಕೂಲರ್ ಎಷ್ಟೋ ಗಾಡಿಗಳಲ್ಲಿ ಕೂಲಂಟಿನ ದಾರಿಯಲ್ಲೇ ಇರುತ್ತದೆ. ಆ ಎಣ್ಣೆ ಸಾಮಾನ್ಯವಾಗಿ ಕೆಂಪು, ಬೆರೆತಾಗ ಡಬ್ಬಿಯಲ್ಲಿ ರೋಸ್ ಮಿಲ್ಕ್ ಬಣ್ಣ. ಹಾಗೆ ಕಂಡರೆ ಓಡಿಸಬೇಡಿ. ಗೇರ್ ಬಾಕ್ಸಿಗೆ ನೀರು ಸೇರಿದರೆ ಅದರ ಬಿಲ್ಲಿನ ಮುಂದೆ ಹೆಡ್ಡಿನದ್ದು ಏನೂ ಅಲ್ಲ.

ಊರಿನ ಗ್ಯಾರೇಜಾ, ಮಂಗಳೂರಾ?

ಕೂಲರ್ ಬಿಚ್ಚಿ ಹಾಕಲು ಊರಿನ ಒಳ್ಳೆಯ ಕೈ ಸಾಕು. ಅಂಥವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ವಾರಂಟಿ ಇರುವ ಗಾಡಿಯಾದರೆ ಮಾತ್ರ ಒಂದು ಬೋಲ್ಟನ್ನೂ ಮುಟ್ಟಿಸದೆ ಕಂಪನಿ ಸರ್ವಿಸಿಗೇ ಕಳಿಸಿ.

ಹೆಡ್ ಇಳಿಸುವುದೇ ಆದರೆ ಗ್ಯಾರೇಜಿಗಿಂತ ಜಾಸ್ತಿ ಮುಖ್ಯ ಅವರು ಹೆಡ್ ಕಳಿಸುವ ಲೇತ್. ನಾನಾದರೆ ಮೂರು ವಿಷಯ ಕೇಳುತ್ತೇನೆ. ಹೆಡ್ಡಿಗೆ ಬಿಸಿನೀರಿನಲ್ಲಿ ಪ್ರೆಶರ್ ಟೆಸ್ಟ್ ಮಾಡುತ್ತೀರಾ? ಬಿರುಕು ಬಿಟ್ಟ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿ ಏನು ಪ್ರಯೋಜನ? ಡೀಸೆಲ್ಲಿನಲ್ಲಿ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ, ಅಂಚಿನ ಕಚ್ಚು ಅಥವಾ ತೂತು ಎಣಿಸಿ ಹಳೆಯದಕ್ಕೆ ಸರಿಯಾದದ್ದೇ ತರುತ್ತೀರಾ? ಹೆಡ್ ಬೋಲ್ಟ್ ಹೊಸದಾ? ಈಗಿನ ಎಷ್ಟೋ ಇಂಜಿನ್ನುಗಳ ಬೋಲ್ಟ್ ಒಮ್ಮೆ ಬಿಗಿದಾಗ ಹಿಗ್ಗುತ್ತದೆ, ಎರಡನೆಯ ಸಲಕ್ಕೆ ಆಗುವುದಿಲ್ಲ. ಈ ಪ್ರಶ್ನೆಗಳಿಗೆ ಸಿಟ್ಟು ಮಾಡುವವರ ಹತ್ತಿರ ಹೆಡ್ ಬಿಚ್ಚಿಸಬೇಡಿ ಮಾರಾಯ್ರೆ.

ಮಂಗಳೂರಿಗೆ ಒಯ್ಯುವುದಾದರೆ ಓಡಿಸಿಕೊಂಡಾ, ಎತ್ತಿಕೊಂಡಾ? ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ಡಿಪ್‌ಸ್ಟಿಕ್ ಹಾಲು ಬಣ್ಣ ಇದ್ದರೆ ಅಥವಾ ಟೆಂಪರೇಚರ್ ಏರುತ್ತಿದ್ದರೆ ಬೇರೆ ಗಾಡಿಯ ಮೇಲೆ ಹಾಕಿಕೊಂಡೇ ಹೋಗಿ. ಡಿಪ್‌ಸ್ಟಿಕ್ ಚೊಕ್ಕ ಇದ್ದರೂ ಎಣ್ಣೆ ಕಡಿಮೆಯಾಗುತ್ತಾ ಹೋಗುತ್ತದೆ ಎನ್ನುವುದು ನೆನಪಿರಲಿ. ಡಬ್ಬಿಯಲ್ಲಿ ಕಂಡದ್ದು ಚೇಂಬರಿನಿಂದ ಹೋದದ್ದೇ ತಾನೆ?

ಹೊಸ ಕೂಲರಾ, ಪೌಡರಾ?

ಡಬ್ಬಿಗೆ ಸುರಿದರೆ ಲೀಕ್ ನಿಲ್ಲುತ್ತದೆ ಎನ್ನುವ ಪೌಡರ್, ದ್ರವ ಎಲ್ಲ ಸಿಗುತ್ತದೆ. 60 ಪಿಎಸ್‌ಐಯಲ್ಲಿ ಎಣ್ಣೆ ಚಿಮ್ಮುವ ಬಿರುಕಿಗೆ ಅದು ಅಂಟಿ ಕೂರುವುದು ಕಷ್ಟ, ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕೂರುವುದು ಸುಲಭ. ನಾನು ಆ ಕಡೆ ತಲೆ ಹಾಕಲಿಲ್ಲ. ಕೂಲರ್ ಬೆಸುಗೆ ಹಾಕಿಸುವುದೂ ಬೇಡ, ತಗಡುಗಳ ಒಳಗಿನ ಬಿರುಕಿಗೆ ಯಾರ ಕೈಯೂ ಹೋಗುವುದಿಲ್ಲ. ಗುಜರಿಯಿಂದ ತಂದ ಕೂಲರಿಗೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ. ಹೊಸದು, ಹೊಸ ರಿಂಗುಗಳ ಜೊತೆ.

ತೊಳೆಯುವುದು ಮಾತ್ರ ಕೂಲರ್ ಬದಲಾದ ಮೇಲೆ. ಮೊದಲೇ ತೊಳೆದರೆ ಮರುದಿನ ಮತ್ತೆ ಮಣ್ಣಿ ರೆಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎಂದು ಹಲವರು ಹೇಳುತ್ತಾರೆ. ನಾವು ಹಾಕಿದೆವು, ನೊರೆ ಡಬ್ಬಿಯಿಂದ ಉಕ್ಕಿ ಬಂಪರ್ ದಾಟಿ ಅಂಗಳಕ್ಕೆ ಬಂತು. ನೊರೆ ಬರದ ರೇಡಿಯೇಟರ್ ಕ್ಲೀನರ್ ತರುವುದೇ ಲೇಸು. ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿ ಮಾಡಿ, ಪೂರ್ತಿ ತಣಿಸಿ, ಇಳಿಸಿ, ಮತ್ತೆ ತುಂಬಿಸಿ. ನಮಗೆ ಐದು ಸಲ ಬೇಕಾಯಿತು. ಡಬ್ಬಿಯನ್ನು ಬಿಚ್ಚಿ ಬೇರೆಯೇ ತೊಳೆಯಬೇಕು. ರಬ್ಬರ್ ಪೈಪುಗಳನ್ನು ಹಿಂಡಿ ನೋಡಿ. ಎಣ್ಣೆ ಕುಡಿದ ರಬ್ಬರ್ ಊದಿಕೊಂಡು ಜಿಗುಟಾಗುತ್ತದೆ, ಅಂಥವನ್ನು ಉಳಿಸಿದರೆ ನಡುದಾರಿಯಲ್ಲಿ ಒಡೆಯುತ್ತವೆ. ಕೊನೆಗೆ ತುಂಬಿಸಲು ಬಾವಿ ನೀರು ಬೇಡ, ರೆಡಿ ಕೂಲಂಟ್ ಅಥವಾ ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ್ದು. ಇಂಜಿನ್ ಆಯಿಲ್ ಮತ್ತು ಫಿಲ್ಟರ್ ಕೂಡ ಆಗಲೇ ಬದಲಾಯಿಸಿ.

ಇಳಿಸಿದ ನೀರನ್ನು ಅಡಿಕೆ ತೋಟದ ಕಣಿಗೆ ಬಿಡಬೇಡಿ. ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಕರು ನೆಕ್ಕಿದರೆ ಉಳಿಯುವುದು ಕಷ್ಟ. ನಾವು ಎರಡು ಕ್ಯಾನಿನಲ್ಲಿ ತುಂಬಿಸಿ ಮುಚ್ಚಿ, ಗ್ಯಾರೇಜಿನ ವೇಸ್ಟ್ ಆಯಿಲ್ ಎತ್ತುವವರು ಬರುವವರೆಗೆ ಕೊಟ್ಟಿಗೆಯಿಂದ ದೂರ ಇಟ್ಟೆವು.

ಕೂಲರ್ ಹಾಕಿ ಮೊದಲ ವಾರ ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ಡಬ್ಬಿ ನೋಡುತ್ತಿದ್ದೆ. ನಾಲ್ಕನೇ ದಿನ ಮತ್ತೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ! ಎದೆ ಧಸಕ್ ಎಂದಿತು. ಹುಡುಗನಿಗೆ ಫೋನ್ ಮಾಡಿದರೆ "ಟಿಶ್ಯೂ ಅದ್ದಿ ತೆಗೆಯಿರಿ ಮಾಷ್ಟ್ರೇ, ಹೀಟರಿನ ಪೈಪಿನಲ್ಲಿ ಉಳಿದ ಹಳೇದು ಬರ್ತಾ ಇದೆ" ಎಂದ. ತೆಗೆದೆ. ಮರುದಿನ ಅದರ ಅರ್ಧ, ಅದರ ಮರುದಿನ ಇನ್ನೂ ಅರ್ಧ. ಹತ್ತನೇ ದಿನದ ಟಿಶ್ಯೂ ಹಸಿರು ಬಣ್ಣಕ್ಕೆ ಒದ್ದೆಯಾಯಿತು ಅಷ್ಟೆ. ಒಣಗಿಸಿ ಬೆಳಕಿಗೆ ಹಿಡಿದೆ, ಹೊಳೆಯಲಿಲ್ಲ.